ಪೇಸ್ಟಿಂಗ್ ಸೆಕ್ಷನ್ನಿನ ವ್ರತ

ಆ ವ್ರತವನ್ನು ಮೊದಲು ಹುಟ್ಟಿಸಿದ್ದು ಯಾರು ಅನ್ನುವ ವಿಷಯದಲ್ಲಿ ನಮ್ಮಲ್ಲಿ ಇವತ್ತಿಗೂ ಒಮ್ಮತವಿಲ್ಲ. ನನ್ನ ನೆನಪಿನಲ್ಲಿ ಅದು ಫ್ಯಾಕ್ಟರಿ ವ್ಯಾನಿನಲ್ಲಿ ನಾನು ಹಂಗಿಸಲಿಕ್ಕೆಂದು ಆಡಿದ ಒಂದು ಮಾತು. ಚಿಕ್ಕಮ್ಮನನ್ನು ಕೇಳಿದರೆ, ಹುಟ್ಟಿಸಿದ್ದು ಅವಳೇ, ನಾನು ಒಂದು ವಾರ ಅದರ ವಿರುದ್ಧ ಜಗಳ ಆಡಿದೆನಂತೆ. ಅವಳ ಜೊತೆ ಕೆಲಸ ಮಾಡುತ್ತಿದ್ದ ಅಲ್ಲೇ ಪಕ್ಕದ ಮಧುರೆ ಹೋಬಳಿ ಕಡೆಯ ಅಕ್ಕ ಒಬ್ಬರಿದ್ದರು, ಅವರು ನಮ್ಮಿಬ್ಬರ ಮಾತನ್ನೂ ಒಪ್ಪುತ್ತಿರಲಿಲ್ಲ. ನಾನು ರಸಾಯನಶಾಸ್ತ್ರ ಓದಿದವನು. ಮೂವರಿಗೆ ಮೂರು ಉತ್ತರ ಬಂದರೆ ಪ್ರಯೋಗವನ್ನು ಇನ್ನೊಮ್ಮೆ ಮಾಡಿ ನೋಡಬೇಕು ಅಂತ ಕಲಿತವನು. ಇದನ್ನು ಇನ್ನೊಮ್ಮೆ ಮಾಡಿ ನೋಡುವ ಹಾಗಿಲ್ಲ. ನೆನಪಿರುವಂತೆ ಬರೆಯುತ್ತೇನೆ. ಅನುಮಾನ ಬಂದ ಕಡೆ ಅನುಮಾನ ಅಂತಲೇ ಹೇಳುತ್ತೇನೆ.

ತೊಂಬತ್ತರ ದಶಕದ ಮೊದಲ ವರ್ಷಗಳು. ಬೆಂಗಳೂರಿನಲ್ಲಿ ಎಂ.ಎಸ್ಸಿ. ಮುಗಿಸಿ, ಸ್ವಲ್ಪ ದಿನ ಟ್ಯುಟೋರಿಯಲ್ ಒಂದರಲ್ಲಿ ಪಾಠ ಹೇಳಿ, ಸ್ವಲ್ಪ ದಿನ ಔಷಧಿ ಕಂಪನಿಯ ಲ್ಯಾಬಿನಲ್ಲಿ ಬೀಕರು ತೊಳೆದು, ಎರಡರಲ್ಲೂ ನಿಲ್ಲಲಾರದೆ ದೊಡ್ಡಬಳ್ಳಾಪುರಕ್ಕೆ ವಾಪಸು ಬಂದಿದ್ದೆ. ನಮ್ಮ ಬೀದಿಯಲ್ಲಿ ನನಗೆ ಎರಡು ಹೆಸರುಗಳಿದ್ದವು: ಒಂದು ಎಮ್ಮೆಸ್ಸಿ, ಇನ್ನೊಂದು ದೇವರಿಲ್ಲ ಅನ್ನೋನು. ಯಾರು ಏನು ಹೇಳಿದರೂ ಅದಕ್ಕೆ ಆಧಾರ ಏನು ಅಂತ ಕೇಳುವ ಚಟ ನನಗೆ. ಮದುವೆ ಮನೆಗಳಿಗೆ ನನ್ನನ್ನು ಕರೆಯುವುದನ್ನು ಅಮ್ಮನೇ ಕಡಿಮೆ ಮಾಡಿದ್ದಳು.

ಚಿಕ್ಕಮ್ಮ ಅಂದರೆ ಅಮ್ಮನ ಕೊನೆಯ ತಂಗಿ. ನನಗಿಂತ ಆರೇಳು ವರ್ಷಕ್ಕೆ ದೊಡ್ಡವಳು, ಹಾಗಾಗಿ ಹೆಚ್ಚುಕಡಿಮೆ ಅಕ್ಕನ ಹಾಗೆ. ಅವಳ ಗಂಡನ ಮನೆಯಲ್ಲಿ ಎರಡು ಪವರ್‌ಲೂಮ್ ಮಗ್ಗಗಳಿದ್ದವು. ಅವು ಓಡುತ್ತಿದ್ದರೆ ಆ ಮನೆಯಲ್ಲಿ ಉಪ್ಪು ಕೇಳಬೇಕಾದರೂ ಕೂಗಬೇಕು. ಅವಳು ಊರಾಚೆಯ ಕೈಗಾರಿಕಾ ಪ್ರದೇಶದಲ್ಲಿ ಒಂದು ಚರ್ಮದ ಬ್ಯಾಗಿನ ಫ್ಯಾಕ್ಟರಿಗೆ ಹೋಗುತ್ತಿದ್ದಳು. ಬ್ಯಾಗೆಲ್ಲ ಹೊರದೇಶಕ್ಕೆ. ಬ್ಯಾಗಿನ ಹೊಟ್ಟೆಯೊಳಗಿನ ಬಟ್ಟೆಯನ್ನು, ಅಂದರೆ ಲೈನಿಂಗನ್ನು, ಚರ್ಮಕ್ಕೆ ಅಂಟಿಸುವುದು ಅವಳ ಕೆಲಸ. ಅದಕ್ಕೆ ಪೇಸ್ಟಿಂಗ್ ಸೆಕ್ಷನ್ ಅಂತ ಹೆಸರು. ಅಂಟಿಗೆ ಎಲ್ಲರೂ ಸೊಲ್ಯೂಷನ್ ಅನ್ನುತ್ತಿದ್ದರು, ಸೈಕಲ್ ಪಂಕ್ಚರಿಗೆ ಹಚ್ಚುವ ಅದೇ ಸೊಲ್ಯೂಷನ್ನಿನ ದೊಡ್ಡಣ್ಣ.

ಆ ವರ್ಷ ಹೊರದೇಶದ ಗಿರಾಕಿಗಳು ಹೊಸ ಷರತ್ತು ಹಾಕಿದ್ದರು. ಫ್ಯಾಕ್ಟರಿಯಲ್ಲಿ ಬಳಸುವ ಪ್ರತಿಯೊಂದು ರಾಸಾಯನಿಕಕ್ಕೂ ಸೇಫ್ಟಿ ಡೇಟಾ ಶೀಟ್ ಇಟ್ಟಿರಬೇಕು, ಅದರಲ್ಲಿ ಇರುವುದನ್ನು ಕೆಲಸಗಾರರಿಗೆ ಅವರ ಭಾಷೆಯಲ್ಲಿ ತಿಳಿಸಿರಬೇಕು. ಮ್ಯಾನೇಜರಿಗೆ ಅದನ್ನು ಕನ್ನಡ ಮಾಡುವವರು ಯಾರೂ ಸಿಗಲಿಲ್ಲ. ಚಿಕ್ಕಮ್ಮ ಹೋಗಿ, ನಮ್ಮಕ್ಕನ ಮಗ ಒಬ್ಬ ಇದಾನೆ, ಬೇರೆ ಯಾವ ಕೆಲಸಕ್ಕೂ ಬರಲ್ಲ, ಇದಕ್ಕೆ ಬರಬಹುದು ಅಂದಳಂತೆ. ಕಾರ್ತಿಕ ಮಾಸದಲ್ಲಿ ನಾನು ಸೇರಿಕೊಂಡೆ. ಕೆಲವು ತಿಂಗಳ ಮಟ್ಟಿಗೆ ಅಂತ ಮಾತು.

ಶೀಟುಗಳನ್ನು ನಾನು ತುಂಬ ಇಷ್ಟಪಟ್ಟೆ. ಎಂ.ಎಸ್ಸಿ.ಯಲ್ಲಿ ಓದಿದ ಯಾವ ಪುಸ್ತಕವೂ ವಸ್ತುಗಳ ಬಗ್ಗೆ ಅಷ್ಟು ಕಾಳಜಿಯಿಂದ ಮಾತಾಡಿರಲಿಲ್ಲ. ಈ ವಸ್ತುವಿನ ಹೆಸರೇನು, ಒಳಗೆ ಏನೇನಿದೆ, ಕಣ್ಣಿಗೆ ಬಿದ್ದರೆ ಏನು ಮಾಡಬೇಕು, ಬೆಂಕಿ ಹತ್ತಿದರೆ ಯಾವುದರಿಂದ ಆರಿಸಬೇಕು, ಚೆಲ್ಲಿದರೆ ಹೇಗೆ ಬಳಿಯಬೇಕು, ಎಲ್ಲಿಡಬೇಕು, ಯಾವುದರ ಪಕ್ಕ ಇಡಬಾರದು. ಯಾರೋ ಒಬ್ಬ ಹಿರಿಯರು ಊರಿಗೆ ಹೊರಟ ಮಗುವಿಗೆ ಬುದ್ಧಿ ಹೇಳಿದ ಹಾಗೆ. ಅದಕ್ಕಿಂತ ಹೆಚ್ಚಾಗಿ, ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಅಂತ ಬರೆದಿದ್ದರು. ಅಂಥ ಕಾಗದವನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ.

ಸೊಲ್ಯೂಷನ್ನಿನಲ್ಲಿ ಮುಖ್ಯವಾಗಿ ಟೊಲುಯಿನ್ ಇತ್ತು, ಅಂಟನ್ನು ತೆಳುಮಾಡುವ ಥಿನ್ನರಿನಲ್ಲಿ ಇನ್ನೂ ಹೆಚ್ಚು. ಅದರ ಆವಿ ಗಾಳಿಗಿಂತ ಭಾರ, ತಗ್ಗಿನಲ್ಲಿ ಸೇರಿಕೊಳ್ಳುತ್ತದೆ ಅಂತ ಶೀಟು ಹೇಳುತ್ತಿತ್ತು. ಇದನ್ನು ಬರೆದವನು ಕೆಲಸಗಾರ ನಿಂತಿದ್ದಾನೆ, ಅವನ ಎದುರು ಮೇಜಿದೆ ಅಂತ ತಿಳಿದುಕೊಂಡಿರಬೇಕು. ನಮ್ಮ ಪೇಸ್ಟಿಂಗ್ ಸೆಕ್ಷನ್ನಿನಲ್ಲಿ ಹೆಂಗಸರು ನೆಲದ ಮೇಲೆ ಚಾಪೆ ಹಾಸಿಕೊಂಡು, ಮನೆಯಲ್ಲಿ ಹಪ್ಪಳ ಒತ್ತುವ ಹಾಗೆ ಕಾಲು ಚಾಚಿ ಕೂತು, ತೊಡೆಯ ಮೇಲೆ ಹಲಗೆ ಇಟ್ಟುಕೊಂಡು ಅಂಟು ಹಚ್ಚುತ್ತಿದ್ದರು. ಸೊಲ್ಯೂಷನ್ನಿನ ಡಬ್ಬ ಮಂಡಿಯ ಪಕ್ಕ. ಸಂಜೆ ಕೈಗೆ ಅಂಟಿದ್ದನ್ನು ಥಿನ್ನರಿನಲ್ಲೇ ತೊಳೆದುಕೊಳ್ಳುತ್ತಿದ್ದರು. ಓಡಾಡುವ ಗಂಡಸರಿಗೆ ಆ ವಾಸನೆ ಅಷ್ಟಾಗಿ ಗೊತ್ತಾಗುತ್ತಿರಲಿಲ್ಲ. ನಾನೂ ಒಂದು ದಿನ ಚಾಪೆಯ ಮೇಲೆ ಕೂತು ನೋಡಿದೆ. ಸ್ವಲ್ಪ ಹೊತ್ತಿಗೆ ಹಣೆ ಬಿಗಿಯಿತು. ಹೆಂಗಸರು ನಕ್ಕರು.

ಮಧ್ಯಾಹ್ನದ ಊಟ ಮುಗಿದ ಮೇಲೆ ಶೆಡ್ಡಿನಲ್ಲಿ ಎಲ್ಲರನ್ನೂ ಕೂರಿಸಿ ಕನ್ನಡ ಮಾಡಿದ್ದನ್ನು ಓದಿದೆ. ಕೈಗೆ ಗ್ಲೌಸ್ ಹಾಕಿಕೊಳ್ಳಬೇಕು ಅಂತ ಬಂದಾಗ, ಗ್ಲೌಸ್ ಹಾಕ್ಕೊಂಡು ಲೈನಿಂಗ್ ಬಟ್ಟೆ ಅಂಚು ಮಡಚಿ ತೋರಿಸಲಿ ಈ ಕಾಗದ ಬರೆದೋನು ಅಂತ ಹಿಂದಿನಿಂದ ಒಂದು ದನಿ ಬಂತು. ತಲೆ ಸುತ್ತಿದವರನ್ನು ಬಯಲ ಗಾಳಿಗೆ ಕರೆದೊಯ್ಯಬೇಕು ಅಂತ ಬಂದಾಗ, ಹಾಗಾದರೆ ಎಲ್ಲರಿಗೂ ದಿನಾ ಸುತ್ತುತ್ತೆ ಅಂತ ಇನ್ನೊಂದು ದನಿ. ಆಮೇಲೆ ಆ ಸಾಲು ಬಂತು. ಹೆಚ್ಚು ಆವಿ ಉಸಿರಾಡಿದ ಪ್ರಾಣಿಗಳಲ್ಲಿ ಗರ್ಭದ ಬೆಳವಣಿಗೆಗೆ ತೊಂದರೆ ಆಗಿದ್ದು ಕಂಡಿದೆ. ಮನುಷ್ಯರ ವಿಷಯದಲ್ಲಿ ಖಚಿತವಾಗಿ ಹೇಳುವಷ್ಟು ಮಾಹಿತಿ ಇಲ್ಲ. ಬಸುರಿಯರು ಆವಿಗೆ ಸಿಗದಂತೆ ಇರುವುದು ಒಳ್ಳೆಯದು.

ಯಾರೂ ತಮಾಷೆ ಮಾಡಲಿಲ್ಲ. ಮಧುರೆ ಕಡೆಯ ಅಕ್ಕ ಒಬ್ಬರೇ ಮಾತಾಡಿದ್ದು. ಅವರು ಆ ಸೆಕ್ಷನ್ನಿಗೇ ಹಿರಿಯರು, ಮೊಮ್ಮಕ್ಕಳಿದ್ದರು. ಎಷ್ಟನೇ ತಿಂಗಳಲ್ಲಿ ಅಂತ ಬರೆದೈತಾ ಅಂತ ಕೇಳಿದರು. ಬರೆದಿಲ್ಲ, ಆದರೆ ಮೊದಲ ಮೂರು ತಿಂಗಳಲ್ಲೇ ಅಂಗಾಂಗಗಳೆಲ್ಲ ಮೂಡುವುದು, ಹಾಗಾಗಿ ಆಗಲೇ ಹೆಚ್ಚು ಹುಷಾರಾಗಿರಬೇಕು ಅಂತ ನನಗೆ ಗೊತ್ತಿದ್ದಷ್ಟು ಹೇಳಿದೆ. ಅವರು ತಲೆ ಆಡಿಸಿದರು. ಆಗ ಚಿಕ್ಕಮ್ಮನ ಮುಖ ನೋಡಿದ ನೆನಪು ನನಗಿಲ್ಲ. ನೋಡಿದ್ದೆ ಅಂತ ಹಿಂದೆ ಎಲ್ಲರಿಗೂ ಹೇಳುತ್ತಿದ್ದೆ. ಈಗ ಯೋಚಿಸಿದರೆ ಅದು ಆಮೇಲೆ ಸೇರಿಸಿಕೊಂಡದ್ದು ಅನ್ನಿಸುತ್ತದೆ.

ಸಂಜೆ ವ್ಯಾನಿಳಿದ ಮೇಲೆ ಅವಳು ಮನೆ ಕಡೆ ತಿರುಗದೆ ನನ್ನ ಜೊತೆ ನಡೆದು ಬಂದಳು. ಮನೆಯಲ್ಲಿ ಹೇಳಿದರೆ ಮಗ್ಗದ ಸದ್ದಿಗೆ ಕೂಗಿ ಹೇಳಬೇಕು, ಬೀದಿಗೆಲ್ಲ ಕೇಳುತ್ತೆ ಅಂದಳು. ಆಮೇಲೆ ಸಣ್ಣ ದನಿಯಲ್ಲಿ ಒಂದು ತಿಂಗಳು ಕಳೆದಿದೆ ಅಂದಳು.

ಚಿಕ್ಕಮ್ಮನಿಗೆ ಅದಕ್ಕೆ ಮುಂಚೆ ಎರಡು ಸಲ ಬಸುರು ಇಳಿದು ಹೋಗಿತ್ತು. ಎರಡೂ ಸಲ ಮೂರು ತಿಂಗಳು ತುಂಬುವ ಮೊದಲೇ. ಎರಡೂ ಸಲ ಅವಳು ಅದೇ ಚಾಪೆಯ ಮೇಲೆ ಕೂತು ಕೆಲಸ ಮಾಡುತ್ತಿದ್ದಳು. ಇದನ್ನು ಹೇಳಿ ನನ್ನ ಮುಖ ನೋಡಿದಳು. ಅದೇ ಕಾರಣವಾ ಅಂತ ಕೇಳುತ್ತಿದ್ದಾಳೆ ಅಂತ ಗೊತ್ತಾಯಿತು. ಹೌದು ಅನ್ನಲಾರೆ, ಅಲ್ಲ ಅನ್ನಲೂ ಆರೆ. ನೂರು ಕಾರಣಗಳಿರಬಹುದು, ಎಷ್ಟೋ ಜನ ಅದೇ ಚಾಪೆಯಲ್ಲಿ ಕೂತು ಗುಂಡುಕಲ್ಲಿನಂಥ ಮಕ್ಕಳನ್ನು ಹೆತ್ತಿದ್ದಾರೆ ಅಂದೆ. ಅದು ಸಮಾಧಾನವೂ ಅಲ್ಲ, ಉತ್ತರವೂ ಅಲ್ಲ.

ಸೆಕ್ಷನ್ ಬದಲಾಯಿಸಿಕೋ, ಪ್ಯಾಕಿಂಗಿಗೆ ಹೋಗು, ಅಲ್ಲಿ ಬರೀ ರಟ್ಟಿನ ಡಬ್ಬ, ವಾಸನೆ ಇಲ್ಲ ಅಂದೆ. ನನಗೆ ಅದು ಅಷ್ಟು ಸುಲಭವಾಗಿ ಕಂಡಿತ್ತು. ಕಾರಣ ಕೇಳುತ್ತಾರಲ್ಲ ಅಂದಳು. ಕಾರಣ ಶೀಟಿನಲ್ಲೇ ಇದೆಯಲ್ಲ ಅಂದೆ.

"ನಿನ್ನ ಶೀಟು ಹಿಡ್ಕೊಂಡು ಹೋದ್ರೆ ನಾನು ಬಸುರಿ ಅಂತ ಡಂಗುರ ಹೊಡೆದಂಗೆ ಕಣೋ. ಮೂರು ತಿಂಗಳು ತುಂಬೋ ತನಕ ಈ ಸಲ ನಮ್ಮತ್ತೆ ಪಕ್ಕದ ಮನೆಯೋರಿಗೂ ಹೇಳಲ್ಲ. ಎರಡು ಸಲ ಮುಂಚೆನೇ ಹೇಳಿ ಆಗಿದೆ. ಎರಡು ಸಲಾನೂ ಆಮೇಲೆ ಒಬ್ಬೊಬ್ಬರಿಗೂ ಇಲ್ಲ ಅಂತ ಹೇಳ್ಬೇಕಾಯ್ತು."

ದೃಷ್ಟಿ, ಶಾಸ್ತ್ರ ಅಂತ ಏನಾದರೂ ಹೇಳಿದ್ದರೆ ನಾನು ವಾದಕ್ಕೆ ಇಳಿಯುತ್ತಿದ್ದೆ. ನಮ್ಮ ಕಡೆ ಮೂರು ತಿಂಗಳು ತುಂಬುವವರೆಗೆ ಹೊರಗೆ ಬಾಯಿ ಬಿಡುವುದಿಲ್ಲ. ಶೀಟಿನ ಪ್ರಕಾರ ಹೇಳಲೇಬೇಕಾದ ತಿಂಗಳುಗಳೂ ಅವೇ.

ಇದರ ಜೊತೆಗೆ ಇನ್ನೊಂದು ತೊಡಕು. ಅದು ಮಾಲೆಯ ಕಾಲ. ಫ್ಯಾಕ್ಟರಿಯ ಗಂಡಸರಲ್ಲಿ ಹಲವರು ಅಯ್ಯಪ್ಪನ ಮಾಲೆ ಹಾಕಿದ್ದರು. ಮಾಲೆ ಹಾಕಿದವರು ಚರ್ಮ ಮುಟ್ಟುವುದಿಲ್ಲ ಅಂತ ಅವರನ್ನೆಲ್ಲ ಸಂಕ್ರಾಂತಿಯವರೆಗೆ ಪ್ಯಾಕಿಂಗಿಗೆ ಕಳಿಸುವುದು ಅಲ್ಲಿನ ರೂಢಿ. ಯಾರೂ ಅರ್ಜಿ ಬರೆಯಬೇಕಿರಲಿಲ್ಲ, ಯಾರೂ ಕಾರಣ ಕೇಳುತ್ತಿರಲಿಲ್ಲ, ಕತ್ತಿನಲ್ಲಿ ಮಾಲೆ ಕಂಡರೆ ಸಾಕು. ಅಷ್ಟು ಜನ ಪ್ಯಾಕಿಂಗಿಗೆ ಹೋದರೆ ಅಲ್ಲಿದ್ದ ಹೆಂಗಸರು ಪೇಸ್ಟಿಂಗಿಗೆ ಬರಬೇಕು. ನಮ್ಮ ಸೂಪರ್‌ವೈಸರೂ ಮಾಲೆ ಹಾಕಿದ್ದರು. ವಯಸ್ಸಾದವರು, ಕಡಕ್ ಮನುಷ್ಯ. ಆ ದಿನಗಳಲ್ಲಿ ಎಲ್ಲರೂ ಅವರನ್ನು ಸ್ವಾಮಿ ಅಂತ ಕರೆಯಬೇಕಿತ್ತು. ಬರಿಗಾಲಲ್ಲಿ ಓಡಾಡುತ್ತ, ಚರ್ಮ ಮೈಗೆ ತಾಕದಂತೆ ಒಂದು ಮರದ ಅಡಿಕೋಲಿನಿಂದ ಬ್ಯಾಗಿನ ಹೊಲಿಗೆ ತಪ್ಪು ತೋರಿಸುತ್ತಿದ್ದರು. ವ್ರತದಲ್ಲಿ ಸಿಟ್ಟು ಮಾಡಬಾರದು ಅಂತ ಹೆಂಗಸರಿಗೆ ಗೊತ್ತಿತ್ತು. ಇಡೀ ವರ್ಷದ ಕಿತಾಪತಿಯನ್ನೆಲ್ಲ ಆ ತಿಂಗಳುಗಳಿಗೆ ಎತ್ತಿಟ್ಟುಕೊಳ್ಳುತ್ತಿದ್ದರು.

ಮಾರನೆಯ ಬೆಳಿಗ್ಗೆ ವ್ಯಾನಿನಲ್ಲಿ ನಾನು ಅಂದಿದ್ದು, ನನ್ನ ನೆನಪಿನಲ್ಲಿ, ಇಷ್ಟು: ಗಂಡಸರ ಹಾಗೆ ನೀನೂ ಒಂದು ಮಾಲೆ ಹಾಕಿಕೊಂಡಿದ್ದರೆ ಈ ಹೊತ್ತಿಗೆ ಪ್ಯಾಕಿಂಗಿನಲ್ಲಿರುತ್ತಿದ್ದೆ. ಕಹಿಯಾಗಿ ಹೇಳಿದೆ. ಚಿಕ್ಕಮ್ಮ ಮಧುರೆ ಅಕ್ಕನ ಕಡೆ ತಿರುಗಿ ಏನೋ ಪಿಸುಗುಟ್ಟಿದಳು. ಇಬ್ಬರೂ ನಕ್ಕರು.

ಎರಡು ದಿನಕ್ಕೆ ಅವಳ ಬಲಗೈಗೆ ಕಂಕಣ ಬಂತು. ಅರಿಶಿನದ ದಾರ, ಅದಕ್ಕೊಂದು ಅರಿಶಿನದ ಕೊಂಬು. ಕಾಲಿನಲ್ಲಿ ರಬ್ಬರಿನ ಹವಾಯಿ ಚಪ್ಪಲಿ. ಮನೆದೇವರಿಗೆ ಹರಕೆ ಹೊತ್ತಿದೀನಿ, ಸಂಕ್ರಾಂತಿ ಕಳೆಯೋವರೆಗೂ ಚರ್ಮ ಮುಟ್ಟಂಗಿಲ್ಲ, ಸೊಲ್ಯೂಷನ್ ವಾಸನೆ ತಗಳಂಗಿಲ್ಲ ಅಂತ ನೇರವಾಗಿ ಸ್ವಾಮಿಯ ಹತ್ತಿರವೇ ಹೋಗಿ ಹೇಳಿದಳು.

ಇಲ್ಲಿ ನಾನು ಜಗಳ ಆಡಿದ್ದು ನಿಜ. ಒಂದು ವಾರ ಅನ್ನುವುದು ಉತ್ಪ್ರೇಕ್ಷೆ ಇರಬೇಕು. ಬರೆದಿಟ್ಟ ಸತ್ಯ ಗೋಡೆಯ ಮೇಲೆ ತೂಗುತ್ತಿದೆ, ನಾನೇ ದಪ್ಪ ಅಕ್ಷರದಲ್ಲಿ ಬರೆದು ಅಂಟಿಸಿದ್ದೇನೆ, ಅದನ್ನು ಬಿಟ್ಟು ಸುಳ್ಳು ಹರಕೆಯ ಹಿಂದೆ ಅವಿತುಕೊಳ್ಳುವುದೇ ಅಂತ ಕೇಳಿದೆ. ಸುಳ್ಳು ಅಂತ ಯಾರು ಹೇಳಿದ್ದು ಅಂತ ಅವಳು ಕೇಳಿದಳು. ಹಿಂದಿನ ಸೋಮವಾರ ಅವಳು ನಿಜಕ್ಕೂ ದೇವಸ್ಥಾನಕ್ಕೆ ಹೋಗಿ, ಮೀಸಲು ಕಾಸು ಕಟ್ಟಿ, ಹರಕೆ ಹೊತ್ತು ಬಂದಿದ್ದಳು. ಸೊಲ್ಯೂಷನ್ನಿನ ವಾಸನೆ ತಗೊಳ್ಳಲ್ಲ ಅಂತಲೇ ದೇವರ ಮುಂದೆ ಹೇಳಿಕೊಂಡಿದ್ದಳಂತೆ. ಹಾಗಾದ ಮೇಲೆ ಅದನ್ನು ಯಾವ ಲೆಕ್ಕದಲ್ಲಿ ಸುಳ್ಳು ಅನ್ನುವುದು? ನನಗೆ ಈಗಲೂ ಅದು ಬಿಡಿಸದ ಲೆಕ್ಕ.

ಸ್ವಾಮಿ ಅನುಮಾನ ಪಡಲಿಲ್ಲ, ಆಸಕ್ತಿ ತೋರಿಸಿದರು. ಅದು ಇನ್ನೂ ಕಷ್ಟವಾಯಿತು. ಯಾವ ದೇವರು, ಯಾವ ಊರು, ನೈವೇದ್ಯ ಏನು, ಒಪ್ಪೊತ್ತು ಊಟವಾ, ಎಲ್ಲ ಕೇಳಿದರು. ಅವರ ಹೆಂಡತಿಗೂ ತಿಳಿಸಬೇಕಂತೆ. ಚಿಕ್ಕಮ್ಮ ಪ್ರತಿ ಪ್ರಶ್ನೆಗೂ ಹೊಸದೊಂದು ನಿಯಮ ಸೇರಿಸುತ್ತ ಹೋದಳು. ಶುಕ್ರವಾರ ತಂಬಿಟ್ಟು, ಬೆಳಿಗ್ಗೆ ತುಳಸಿಗೆ ನೀರು, ಥಿನ್ನರಿನಲ್ಲಿ ಕೈ ತೊಳೆಯುವ ಹಾಗಿಲ್ಲ. ಮಾಡಿದ ನಿಯಮವನ್ನು ಪಾಲಿಸದೆ ಬಿಡುವವಳಲ್ಲ. ಆ ಎರಡು ತಿಂಗಳು ಅವರ ಮನೆಯಲ್ಲಿ ತಂಬಿಟ್ಟು ತಿಂದು ತಿಂದು ಚಿಕ್ಕಪ್ಪನಿಗೆ ಸಾಕಾಗಿ ಹೋಯಿತು.

ಪ್ಯಾಕಿಂಗಿಗೆ ಕಳಿಸಿದರು. ಅಷ್ಟಕ್ಕೇ ನಿಂತಿದ್ದರೆ ಒಬ್ಬಳು ಕಂಕಣ ಕಟ್ಟಿದ್ದಾಳಲ್ಲ ಯಾಕೆ ಅಂತ ಯಾರಾದರೂ ಗುಣಾಕಾರ ಹಾಕಿಬಿಡುತ್ತಿದ್ದರೇನೋ. ಮುಂದಿನ ವಾರ ಮಧುರೆ ಅಕ್ಕನ ಕೈಯಲ್ಲೂ ಕಂಕಣ ಕಂಡಿತು. ಅದರ ಹಿಂದೆ ಇನ್ನೊಬ್ಬರು, ಮದುವೆಯೇ ಆಗದ ಒಬ್ಬ ಹುಡುಗಿ, ಗಂಡ ತೀರಿಹೋದ ಒಬ್ಬರು. ಮೊಮ್ಮಕ್ಕಳಿರುವವರಿಗೆ ಈ ಹರಕೆ ಯಾಕೆ ಅಂತ ನಾನು ಗುಟ್ಟಾಗಿ ಕೇಳಿದೆ.

"ಒಬ್ಬಳೇ ಕೊಡೆ ಹಿಡ್ಕೊಂಡು ಹೋದ್ರೆ ಎಲ್ಲಾರೂ ನೋಡ್ತಾರಪ್ಪಾ. ಎಲ್ಲಾರೂ ಹಿಡ್ಕೊಂಡ್ರೆ ಮಳೆ ಬರ್ತಾ ಐತೆ ಅಂದ್ಕೊಂತಾರೆ," ಅಂದರು ಅಕ್ಕ.

ಅವರಿಗೆ ಚಿಕ್ಕಮ್ಮ ಬಸುರಿನ ವಿಷಯ ಹೇಳಿರಲಿಲ್ಲ. ಅವಳು ವ್ಯಾನಿನಲ್ಲಿ ಪಿಸುಗುಟ್ಟಿದ್ದು ಹರಕೆಯ ಮಾತು ಅಷ್ಟೆ. ಅಕ್ಕನಿಗೆ ಯಾರೂ ಹೇಳಬೇಕಾಗಿರಲಿಲ್ಲ.

ಡಿಸೆಂಬರ್ ಹೊತ್ತಿಗೆ ಪೇಸ್ಟಿಂಗಿನಲ್ಲಿ ಜನ ಸಾಲದಾಯಿತು. ಬ್ಯಾಗುಗಳು ಅರ್ಧಕ್ಕೆ ನಿಂತವು, ಹಡಗಿಗೆ ಕಳಿಸುವ ದಿನ ಹತ್ತಿರ ಬಂತು. ಒಂದು ಮಧ್ಯಾಹ್ನ ಮ್ಯಾನೇಜರು ಬಂದು, ಮಾಲೆಯವರನ್ನು ಬಿಟ್ಟು ಉಳಿದವರೆಲ್ಲ ಇವತ್ತು ಪೇಸ್ಟಿಂಗಿಗೆ ಕೂರಬೇಕು, ಕಂಕಣವಿದ್ದವರೂ ಸೇರಿ ಅಂದುಬಿಟ್ಟರು. ಹೆಂಗಸರ ಹರಕೆಗೂ ಗಂಡಸರ ಮಾಲೆಗೂ ಆ ವ್ಯತ್ಯಾಸ ಯಾಕೆ ಅಂತ ಕೇಳುವ ಧೈರ್ಯ ಯಾರಿಗೂ ಬರಲಿಲ್ಲ. ನಾನು ಅಂದು ಸ್ಟೋರಿನ ಲೇಬಲ್ ಕೆಲಸದಲ್ಲಿದ್ದೆ, ಗೊತ್ತಾದಾಗ ಸಂಜೆಯಾಗಿತ್ತು. ಚಿಕ್ಕಮ್ಮ ಬಾಗಿಲ ಪಕ್ಕ ಕೂತಿದ್ದಳಂತೆ. ಅಕ್ಕ ಅವಳ ಡಬ್ಬವನ್ನು ತಮ್ಮ ಕಡೆ ಎಳೆದುಕೊಂಡು, ಅವಳ ಪಾಲಿನ ಅಂಟನ್ನೂ ತಾವೇ ಹಚ್ಚಿದರಂತೆ. ಚಿಕ್ಕಮ್ಮ ಬರೀ ಅಂಚು ಮಡಚಿದ್ದು.

ಅದಾದ ಎರಡನೆಯ ದಿನವೋ ಮೂರನೆಯ ದಿನವೋ ಅವಳು ವ್ಯಾನಿಗೆ ಬರಲಿಲ್ಲ. ಹೊಟ್ಟೆ ನೋವು ಅಂತ ಸುದ್ದಿ. ಆ ದಿನ ನಾನು ಕೆಲಸ ಮಾಡಿದ ನೆನಪಿಲ್ಲ, ಮಾಡಿರಲೂಬಹುದು. ಸಂಜೆ ಓಡಿ ಹೋದೆ. ಅವಳ ಮನೆಗೆ ತಿರುಗುವ ಬೀದಿಯಲ್ಲಿ ಮಗ್ಗದ ಸದ್ದು ಕೇಳಲಿಲ್ಲ. ಚಿಕ್ಕಪ್ಪ ಮಗ್ಗ ನಿಲ್ಲಿಸಿದ್ದನ್ನು ನಾನು ಕಂಡದ್ದು ಅದೊಂದು ಸಲ. ಚಿಕ್ಕಮ್ಮ ಕಾಲ ಕೆಳಗೆ ಎರಡು ದಿಂಬು ಇಟ್ಟುಕೊಂಡು ಮಲಗಿದ್ದಳು. ಸ್ವಲ್ಪ ರಕ್ತ ಕಂಡಿತ್ತಂತೆ. ಸರ್ಕಾರಿ ಆಸ್ಪತ್ರೆಯ ಡಾಕ್ಟರಮ್ಮ ನೋಡಿ, ಇನ್ನೂ ಏನೂ ಹೋಗಿಲ್ಲ, ಎದ್ದು ಓಡಾಡದೆ ಮಲಗಿರು, ದೇವರಿದ್ದಾನೆ ಅಂದಿದ್ದರು. ನಾನು ಮಂಚದ ಪಕ್ಕ ಕೂತೆ. ಆ ಮಧ್ಯಾಹ್ನ ಕೂತಿದ್ದರಿಂದ ಆಯಿತಾ ಅಂತ ಅವಳು ಮತ್ತೆ ಕೇಳುತ್ತಾಳೆ ಅಂತ ಹೆದರಿದ್ದೆ. ಕೇಳಲಿಲ್ಲ. ನಾಳೆ ಏನಂತ ಹೇಳೋದು ಫ್ಯಾಕ್ಟರೀಲಿ ಅಂತಷ್ಟೇ ಕೇಳಿದಳು. ಜ್ವರ ಅಂತ ಹೇಳುತ್ತೇನೆ ಅಂದೆ.

ಮಾರನೆಯ ದಿನ ಸ್ವಾಮಿಯ ಹತ್ತಿರ ಹೋದೆ. ಏನು ಹೇಳಬೇಕು ಅಂತ ಹೋದೆನೋ ಅದು ಬಾಯಿಗೆ ಬರುವ ಹಾಗಿರಲಿಲ್ಲ. ಅವಳ ಗುಟ್ಟು ನನ್ನದಲ್ಲ. ಆವಿ ಗಾಳಿಗಿಂತ ಭಾರ ಅನ್ನುವಲ್ಲಿಂದ ಶುರು ಮಾಡಿದೆ. ನೆಲದ ಮೇಲೆ ಕೂರುವವರ ಮೂಗಿಗೆ ಏನಾಗುತ್ತದೆ, ನಿಂತು ಓಡಾಡುವ ನಮಗೆ ಯಾಕೆ ಗೊತ್ತಾಗುವುದಿಲ್ಲ, ಕೆಟ್ಟು ನಿಂತ ಎಕ್ಸಾಸ್ಟ್ ಫ್ಯಾನು ಗೋಡೆಯ ಮೇಲ್ಗಡೆ ಇದ್ದು ಏನು ಪ್ರಯೋಜನ, ಎಲ್ಲ ಹೇಳಿದೆ. ನಂಬದಿದ್ದರೆ ಒಂದು ಗಳಿಗೆ ಕೂತು ನೋಡಿ ಅಂದೆ. ಚಾಪೆಯ ತುಂಬ ಚರ್ಮದ ಚೂರುಗಳು ಬಿದ್ದಿದ್ದವು, ಮಾಲೆ ಹಾಕಿದವರು ಅಲ್ಲಿ ಕೂರುವ ಹಾಗಿರಲಿಲ್ಲ. ಅವರು ಗೋಡೆ ಹಿಡಿದು, ನಿಧಾನಕ್ಕೆ, ಕುಕ್ಕರುಗಾಲಲ್ಲಿ ಬಗ್ಗಿದರು. ಡಬ್ಬಗಳ ಎತ್ತರಕ್ಕೆ ಮುಖ ಬಂತು. ಸ್ವಲ್ಪ ಹೊತ್ತು ಹಾಗೇ ಇದ್ದರು. ಹೆಂಗಸರ ಬ್ರಷ್ಷುಗಳು ನಿಂತವು.

ಎದ್ದು ಬಂದು ಗೋಡೆಯಲ್ಲಿದ್ದ ಕನ್ನಡದ ಶೀಟಿನ ಮುಂದೆ ನಿಂತರು. ಓದಿದರು. ಅಡಿಕೋಲಿನ ತುದಿಯನ್ನು ಒಂದು ಸಾಲಿನ ಕೆಳಗೆ ಇಟ್ಟು ತುಸು ಹೊತ್ತು ನಿಂತ ಹಾಗೆ ನೆನಪು. ಯಾವ ಸಾಲು ಅಂತ ನನಗೆ ಕಾಣಲಿಲ್ಲ. ಬಸುರಿಯರ ಸಾಲೇ ಇರಬೇಕು ಅಂತ ಆಮೇಲೆ ನನಗೆ ಬೇಕಾದದ್ದನ್ನು ಅಂದುಕೊಂಡೆ. ಅಡಿಕೋಲು ಇತ್ತೋ ಇಲ್ಲವೋ ಅನ್ನುವುದೂ ಈಗ ಅನುಮಾನ. ಮಾತು ಮಾತ್ರ ಚೆನ್ನಾಗಿ ನೆನಪಿದೆ.

"ಏನಪ್ಪಾ ಎಮ್ಮೆಸ್ಸಿ, ಮೇಜು ಹಾಕಿಸಿದ್ರೆ ಈ ವ್ರತ ಕಮ್ಮಿ ಆಗ್ತದಾ?"

"ಆಗಬಹುದು ಸ್ವಾಮಿ. ಕೆಲವರದ್ದು ಸಂಕ್ರಾಂತಿವರೆಗೆ ಇರ್ತದೆ."

"ಇರಲಿ. ವ್ರತ ಕೆಡಿಸಬಾರದು," ಅಂದರು.

ಮ್ಯಾನೇಜರಿಗೆ ಏನು ಹೇಳಿದರೋ ಗೊತ್ತಿಲ್ಲ. ಚರ್ಮದ ಕಟ್ಟುಗಳು ಬರುತ್ತಿದ್ದ ಮರದ ಪೆಟ್ಟಿಗೆಗಳನ್ನು ಒಡೆಸಿ, ಒಂದು ವಾರದಲ್ಲಿ ಉದ್ದನೆಯ ಮೇಜುಗಳನ್ನು ಹೊಡೆಸಿದರು. ಫ್ಯಾನನ್ನು ಕಳಚಿ, ರಿಪೇರಿ ಮಾಡಿಸಿ, ಗೋಡೆಯ ಬುಡದಲ್ಲಿ ತೂತು ಕೊರೆಸಿ ಕೂರಿಸಿದರು. ಹಿಂದಿನ ಶಟರು ಹಗಲೆಲ್ಲ ಎತ್ತಿರಬೇಕು ಅಂತ ಆಯಿತು, ಚಳಿಗೆ ಬೈದುಕೊಳ್ಳುತ್ತ ಹೆಂಗಸರು ಶಾಲು ಹೊದ್ದು ಕೂತರು. ಕೈ ತೊಳೆಯಲು ಥಿನ್ನರಿನ ಬದಲು ಎಣ್ಣೆ ಮತ್ತು ಸೋಪು. ಮಾಲೆ ಹಾಕದ ಗಂಡಸರೂ ಸರದಿಯಲ್ಲಿ ಅಂಟು ಹಚ್ಚಬೇಕು ಅಂತ ಬಂದಾಗ ಅವರಲ್ಲಿ ಇಬ್ಬರು ಮಾರನೆಯ ದಿನವೇ ಮಾಲೆ ಹಾಕಿಕೊಂಡು ಬಂದರು. ಈಗ ಹಾಕಿದ ಮಾಲೆಗೆ ನಲವತ್ತೊಂದು ದಿನದ ಮಂಡಲ ತುಂಬೋದು ಯಾವಾಗ ಅಂತ ಸ್ವಾಮಿ ಅವರಿಬ್ಬರನ್ನೂ ಎಲ್ಲರ ಮುಂದೆ ಕೇಳಿದರು.

ಚಿಕ್ಕಮ್ಮ ಹತ್ತು ಹನ್ನೆರಡು ದಿನ ಮಲಗಿದ್ದು ವಾಪಸು ಬಂದಳು. ಜ್ವರ ಹೇಗಿದೆ ಅಂತ ಎಲ್ಲರೂ ಕೇಳಿದರು. ಇಷ್ಟು ದಿನದ ಜ್ವರವನ್ನು ಯಾರೂ ಪ್ರಶ್ನಿಸಲಿಲ್ಲ. ಸ್ವಾಮಿ ಅವಳಿಗೆ ಪ್ಯಾಕಿಂಗಿನಲ್ಲೇ ಬಾಗಿಲ ಹತ್ತಿರದ ಜಾಗ ಕೊಟ್ಟರು, ಲೇಬಲ್ ಅಂಟಿಸುವ ಕೆಲಸ, ಅದಕ್ಕೆ ಮೈದಾ ಹಿಟ್ಟಿನ ಅಂಟು. ಎತ್ತುವುದು ಇಳಿಸುವುದು ಬೇಡ ಅಂದರಂತೆ. ಯಾಕೆ ಅಂತ ಹೇಳಲಿಲ್ಲವಂತೆ. ವಾರಕ್ಕೊಂದು ಕಂಕಣ ಬಿಚ್ಚಿಕೊಳ್ಳುತ್ತ ಹೋಯಿತು, ಕೊನೆಗೆ ಉಳಿದದ್ದು ಅವಳದ್ದು ಮತ್ತು ಅಕ್ಕನದ್ದು. ಅಕ್ಕ ಮೇಜಿನ ಮುಂದೆ ಸ್ಟೂಲಿನ ಮೇಲೆ ಕೂತು, ಕಂಕಣದ ಕೈಯಲ್ಲೇ ಅಂಟು ಹಚ್ಚುತ್ತಿದ್ದರು. ನಿಮ್ಮ ವ್ರತ ಮುರಿಯಲಿಲ್ಲವಾ ಅಂತ ನಾನು ಕೇಳಿದ್ದಕ್ಕೆ, ಮೇಜಿನ ಮ್ಯಾಲೆ ಮಾಡೋದು ಲೆಕ್ಕಕ್ಕಿಲ್ಲ ಅಂದರು.

ಸಂಕ್ರಾಂತಿಯ ಮಾರನೆಯ ದಿನ ವ್ಯಾನಿನಲ್ಲಿ ಎಳ್ಳು ಬೆಲ್ಲದ ಪೊಟ್ಟಣಗಳು ಕೈಯಿಂದ ಕೈಗೆ ಓಡಾಡಿದವು. ಚಿಕ್ಕಮ್ಮನ ಕೈಯಲ್ಲಿ ಕಂಕಣ ಇರಲಿಲ್ಲ. ಹಿಂದಿನ ದಿನ ದೇವಸ್ಥಾನದಲ್ಲಿ ಬಿಚ್ಚಿಸಿಕೊಂಡು ಬಂದಿದ್ದಳು. ಒಬ್ಬೊಬ್ಬರ ಸೀಟಿನ ಹತ್ತಿರವೂ ಹೋಗಿ, ಎಳ್ಳು ಕೊಡುತ್ತ, ಕಿವಿಯಲ್ಲಿ ಹೇಳುತ್ತ ಬಂದಳು. ಪ್ರತಿಯೊಬ್ಬರೂ ಹೌದಾ ಅಂತ ಕಣ್ಣರಳಿಸಿದರು, ಒಬ್ಬರಿಗೂ ಏನೂ ಗೊತ್ತಿರಲಿಲ್ಲ ಅನ್ನುವ ಹಾಗೆ. ಮಧುರೆ ಅಕ್ಕ ಎದೆಯ ಮೇಲೆ ಕೈ ಇಟ್ಟುಕೊಂಡು, ಯಾವಾಗೇ ತಾಯಿ ಇದೆಲ್ಲ, ಒಂದು ಮಾತು ಹೇಳಬಾರದಾ ಅಂತ ಕೇಳಿದರು. ಅಷ್ಟು ಚೆಂದದ ಅಭಿನಯವನ್ನು ನಾನು ಯಾವ ನಾಟಕದಲ್ಲೂ ಕಂಡಿಲ್ಲ. ಫ್ಯಾಕ್ಟರಿಯಲ್ಲಿ ಸೂಪರ್‌ವೈಸರೂ ಎಳ್ಳು ಬಾಯಿಗೆ ಹಾಕಿಕೊಂಡು ಸಂತೋಷ ಅಂದರು. ಹಿಂದಿನ ವಾರವೇ ಶಬರಿಮಲೆಗೆ ಹೋಗಿ ಬಂದಿದ್ದ ಅವರ ಕತ್ತಿನಲ್ಲಿ ಮಾಲೆ ಇರಲಿಲ್ಲ, ಕಾಲಲ್ಲಿ ಬೂಟು ಬಂದಿತ್ತು. ನಾನು ಅವರ ಮುಖವನ್ನು ಹುಡುಕಿದೆ. ಗೊತ್ತಿತ್ತಾ, ಇಲ್ಲವಾ? ನನಗೆ ತೀರ್ಮಾನಿಸಲು ಆಗಲಿಲ್ಲ.

ನನ್ನ ಕೆಲಸ ಯುಗಾದಿಗೆ ಮುಗಿಯಿತು. ಬೇರೆ ಕೆಲಸ, ಬೇರೆ ಊರು, ಅದರಲ್ಲೂ ಹೆಚ್ಚು ದಿನ ನಿಲ್ಲಲಿಲ್ಲ. ಆಷಾಢ ಮುಗಿಯುವ ಮುಂಚೆ ಚಿಕ್ಕಮ್ಮನಿಗೆ ಹೆಣ್ಣು ಮಗು ಆಯಿತು ಅಂತ ಸುದ್ದಿ ಬಂತು, ದಿನ ತುಂಬಿಯೇ ಹುಟ್ಟಿದ್ದು. ರಜೆ ಕೇಳದೆ ಬಸ್ಸು ಹತ್ತಿದೆ.

ಬಾಣಂತಿ ಕೋಣೆಯಲ್ಲಿ ಇದ್ದಿಲ ಹೊಗೆ, ಬೆಳ್ಳುಳ್ಳಿ, ಸಾಂಬ್ರಾಣಿ. ಗೋಡೆಯಾಚೆ ಮಗ್ಗ ಓಡುತ್ತಿತ್ತು, ಮಗು ಆ ಸದ್ದಿನಲ್ಲೇ ನಿದ್ದೆ ಮಾಡುತ್ತಿತ್ತು. ಚಿಕ್ಕಮ್ಮ ತಲೆಗೆ ಬಟ್ಟೆ ಕಟ್ಟಿಕೊಂಡು ಕೂತಿದ್ದಳು. ಈ ಹೊಗೆ ಒಳ್ಳೆಯದಲ್ಲ ಅಂತ ಶುರು ಮಾಡಿದೆ, ಅವಳು ಕಣ್ಣು ಬಿಟ್ಟಿದ್ದಕ್ಕೆ ನಿಲ್ಲಿಸಿದೆ. ಆಮೇಲೆ, ಬಸ್ಸಿನ ದಾರಿಯುದ್ದಕ್ಕೂ ತಲೆಯಲ್ಲಿ ಓಡುತ್ತಿದ್ದದ್ದು ಬಾಯಿಗೆ ಬಂತು. ಸೊಲ್ಯೂಷನ್ನಿನಿಂದ ದೂರ ಇದ್ದದ್ದರಿಂದಲೋ, ಆ ಹತ್ತು ದಿನ ಮಲಗಿದ್ದರಿಂದಲೋ, ಅಥವಾ ಇದು ಹೇಗಿದ್ದರೂ ಉಳಿಯುತ್ತಿತ್ತೋ, ಒಂದೇ ಸಲ ಆದದ್ದರಿಂದ ಏನೂ ಹೇಳಲಾಗುವುದಿಲ್ಲ ಅಂದೆ. ಮಗ್ಗದ ಸದ್ದಿನಲ್ಲಿ ಅದನ್ನೆಲ್ಲ ಜೋರಾಗಿ ಕೂಗಿಯೇ ಹೇಳಬೇಕಾಯಿತು.

ಅವಳು ನಾನು ಹೇಳುವುದನ್ನು ಪೂರ್ತಿ ಕೇಳಿಸಿಕೊಂಡಳು. ಮಗುವನ್ನು ಎತ್ತಿ ನನ್ನ ಕಡೆ ಚಾಚಿದಳು. ನಾನು ಯಾವ ಕೈ ಎಲ್ಲಿಡಬೇಕು ಅಂತ ತಿಳಿಯದೆ ತಡವರಿಸಿದೆ.

"ಅದೆಲ್ಲ ಆಮೇಲೆ ಯೋಚ್ನೆ ಮಾಡೋವಂತೆ," ಅಂದಳು ಚಿಕ್ಕಮ್ಮ. "ಮೊದ್ಲು ಕತ್ತಿನ ಕೆಳಗೆ ಕೈ ಕೊಡು."